ಕಂಕುಳಲ್ಲಿ ಮಲಗಿದವಳು

ಸೂಜಿ ಹಾಕಿಸಿಕೊಂಡ ಹನ್ನೆರಡನೆಯ ದಿನಕ್ಕೆ ನಮ್ಮ ಊರಿನವರ ತೋಳು ಗುನುಗತೊಡಗುತ್ತದೆ. ಬೆಳಿಗ್ಗೆ ಎದ್ದು ಕೌದಿ ಮಡಿಸುವಾಗ ಮೊದಲು ಕೇಳಿಸುವುದು. ಎಲ್ಲೋ ಸೋರೆಬುರುಡೆಯೊಳಗೆ ದುಂಬಿ ಸಿಕ್ಕಿಕೊಂಡಿದೆ ಅನ್ನಿಸಿ ಸುತ್ತ ನೋಡಿ, ಆಮೇಲೆ ತನ್ನದೇ ತೋಳು ಎಂದು ತಿಳಿದು ನಗುವುದು. ಒಬ್ಬೊಬ್ಬರದು ಒಂದೊಂದು ದನಿ. ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ ಬಾಳವ್ವನ ತೋಳು ಬೀಸುಕಲ್ಲಿನ ಹಾಗೆ ದಪ್ಪ ದನಿಯಲ್ಲಿ, ನಡುನಡುವೆ ತಡೆದು, ಗುನುಗುತ್ತಿತ್ತು. ನನ್ನದು ಸಣ್ಣದು, ತಂಬಿಗೆಯ ಬಾಯಿಗೆ ಗಾಳಿ ಊದಿದಷ್ಟೇ. ಬೇರೆ ಊರುಗಳಲ್ಲಿ ಹೀಗಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ದಮಯಂತಿ ನರ್ಸಬಾಯಿ ಲಸಿಕೆಯ ಐಸ್ ಪೆಟ್ಟಿಗೆ ಹೊತ್ತು ಬರತೊಡಗಿದ ಮೇಲೆ. ಆಕೆ ಹೊರಗಿನವಳು. ತನ್ನ ತೋಳನ್ನು ನಮ್ಮ ಕಿವಿಗೆ ಕೊಟ್ಟು, "ನೋಡ್ರಮ್ಮ, ನಂದು ಮೂಕ. ಆದ್ರೂ ಒಳಗೆ ಇದೇ ಕೆಲಸ ನಡೀತಿರುತ್ತೆ" ಅಂದಿದ್ದಳು. ನಮಗೆಲ್ಲ ಆಕೆಯ ಮೇಲೆ ಸ್ವಲ್ಪ ಕನಿಕರ ಬಂತು.

ನಮ್ಮದು ಫರಸಿ ಕಲ್ಲಿನ ಊರು. ನೆಲ ಫರಸಿ, ಗೋಡೆ ಫರಸಿ, ಮಾಳಿಗೆ ಫರಸಿ, ಹೊಲದ ಬೇಲಿಯೂ ನಿಲ್ಲಿಸಿಟ್ಟ ಫರಸಿ. ಖಣಿಯಿಂದ ಕಲ್ಲು ಎಬ್ಬಿಸಿದ ಕೂಡಲೇ ಸುತ್ತಿಗೆಯ ಹಿಂಬದಿಯಿಂದ ಬಡಿದು, ದನಿ ಕೇಳಿ, ಒಳಗೆ ಒಡಕಿದೆಯೋ ಇಲ್ಲವೋ ಹೇಳುವ ಜನ ನಾವು. ಹೀಗಾಗಿ ತೋಳು ಗುನುಗತೊಡಗಿದಾಗ ಅದಕ್ಕೊಬ್ಬ ಕಿವಿಯವಳನ್ನು ನೇಮಿಸಿದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಪ್ರತಿ ಅಮಾವಾಸ್ಯೆಯ ಮರುದಿನ ಕಿವಿಯವಳು ಮನೆಮನೆಗೆ ಹೋಗುತ್ತಾಳೆ. ಸೂಜಿ ಚುಚ್ಚಿದ ಜಾಗಕ್ಕೇ ಸರಿಯಾಗಿ ಕಿವಿ ಇಡುತ್ತಾಳೆ. ಗುನುಗಿದರೆ ಬಾಗಿಲಿನ ಚೌಕಟ್ಟಿಗೆ ಕೆಮ್ಮಣ್ಣಿನ ಒಂದು ಪಟ್ಟಿ. ಮೌನವಾಗಿದ್ದರೆ ಇದ್ದ ಪಟ್ಟಿಯನ್ನು ಒದ್ದೆ ಅರಿವೆಯಿಂದ ಒರೆಸುತ್ತಾಳೆ. ಊರಿಗೆ ಗಾಳಿಜ್ವರ ಬಂತೆಂದರೆ, ಪಟ್ಟಿ ಇಲ್ಲದ ಬಾಗಿಲಿನವರು ಗಂಟು ಕಟ್ಟಿಕೊಂಡು ಖಣಿಯ ಆಚೆಗಿರುವ ಹಾಳು ಸುಣ್ಣದ ಭಟ್ಟಿಗೆ ಹೋಗಬೇಕು. ಜ್ವರ ಊರು ಬಿಟ್ಟ ಮೇಲೆಯೇ ಅವರು ತಿರುಗಿ ಬರುವುದು. ಇದು ಕಟ್ಟಳೆ.

ಕಿವಿಯವಳ ಕೆಲಸ ನನಗೆ ಬಂದದ್ದು ಆಯಿಯಿಂದ, ಅಂದರೆ ನನ್ನ ಅವ್ವನ ಅವ್ವ ಚೆನ್ನಬಸವ್ವನಿಂದ. ನಾನು ಏಳು ವರ್ಷದವಳಿದ್ದಾಗ, ಸೂಜಿ ಇನ್ನೂ ಬಂದಿರದ ಕಾಲದಲ್ಲಿ, ಗಾಳಿಜ್ವರ ಮೊದಲ ಸಲ ಊರಿಗೆ ಬಂತು. ಆಗ ಜ್ವರ ಗೆದ್ದವರ ತೋಳು ಮಾತ್ರ ಗುನುಗುತ್ತಿತ್ತು. ಭಟ್ಟಿಯ ಕಟ್ಟಳೆ ಹುಟ್ಟಿದ್ದೂ ಆಗಲೇ, ಮೊದಲಿಗೆ ಅದು ಜ್ವರ ಬಂದವರಿಗಷ್ಟೇ. ನನ್ನ ಅವ್ವನಿಗೆ ಜ್ವರ ಬಂದ ಮೂರನೆಯ ದಿನ ಆಯಿ ಅವಳ ತೋಳಿಗೆ ಕಿವಿಯಿಟ್ಟು, ಇಲ್ಲ ಅಂದಳು. ಇಲ್ಲದ್ದನ್ನು ಇದೆ ಅನ್ನುವುದು ಆಯಿಗೆ ಬರುತ್ತಿರಲಿಲ್ಲ. ಅವ್ವ ಭಟ್ಟಿಗೆ ಹೋದಳು. ಅಲ್ಲಿ ನೀರಿನ ಆಸರೆ ಇಲ್ಲ. ಹನ್ನೆರಡನೆಯ ದಿನ ಅವ್ವನ ತೋಳು ಗುನುಗಿತಂತೆ, ಜೊತೆಗಿದ್ದವರು ಬಂದು ಹೇಳಿದರು. ಆದರೆ ಕೊಡದ ನೀರು ಮುಗಿದು ಆಗಲೇ ಎರಡು ದಿನವಾಗಿತ್ತು. ಗುನುಗುತ್ತಲೇ ಅವ್ವ ಹೋದಳು.

ಆಮೇಲೆ ಆಯಿಯ ಕಿವಿಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಊರಿನವರು ವಯಸ್ಸು ಅಂದರು. ಆಯಿ ಏನೂ ಅನ್ನಲಿಲ್ಲ. ಕತೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಕಿವುಡಾದ ಮೇಲೆ ಅವಳ ಕತೆಗಳು ಇನ್ನೂ ಉದ್ದವಾದವು, ಯಾಕೆಂದರೆ ಸಾಕು ಅನ್ನುವ ಚಿಗವ್ವನ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ನನಗೆ ಸಾಕು ಅನ್ನಿಸುತ್ತಲೂ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ನಾನು ಕತೆಯ ಕೋಟೆಯ ಬಾಗಿಲಲ್ಲೇ ನಿಂತಿರುತ್ತಿದ್ದೆ.

ನನಗೆ ಎಲ್ಲಕ್ಕಿಂತ ಸೇರುತ್ತಿದ್ದದ್ದು ನೀಲಿ ಅಂಗಿಯ ಕಳ್ಳನ ಕತೆ. ಈ ಕಳ್ಳ ಬೆಳ್ಳಿ ಬಂಗಾರ ಮುಟ್ಟುವವನಲ್ಲ. ಒಂದು ಮನೆಗೆ ಹೊಕ್ಕು, ಅವರದೇ ಹಿಟ್ಟು ಅವರದೇ ನೀರಿನಲ್ಲಿ ತನ್ನಂಥ ಹತ್ತು ಮಂದಿಯನ್ನು ನಾದಿ ಮಾಡಿ, ಹತ್ತು ಮನೆಗೆ ಕಳಿಸುತ್ತಿದ್ದ. ಕೋಟೆಯ ಕಾವಲಿನವರು ಅವನ ಗುರುತು ಹಿಡಿಯುವಷ್ಟರಲ್ಲಿ ಅರ್ಧ ಊರು ಖಾಲಿಯಾಗುತ್ತಿತ್ತು. ಒಂದು ದಿನ ಒಬ್ಬ ಹಗಲುವೇಷದವನು ಅದೇ ನೀಲಿ ಅಂಗಿ ತೊಟ್ಟು ಕೋಟೆಗೆ ಬಂದ. ಅವನಿಗೆ ನಾದುವ ವಿದ್ಯೆ ಬರುತ್ತಿರಲಿಲ್ಲ, ಬರೀ ಅಂಗಿ. ಕಾವಲಿನವರು ಅವನ ಮೇಲೆ ಬಿದ್ದು, ಅಂಗಿಯ ಎಳೆ ಎಳೆ ಬಿಚ್ಚಿ ನೋಡಿ, ಗುರುತು ಇಟ್ಟುಕೊಂಡು, ಆರು ತಿಂಗಳು ಹಗಲಿರುಳು ಡೊಳ್ಳು ಬಾರಿಸುತ್ತ ಬೀದಿ ತಿರುಗಿದರು. ಕಳ್ಳ ಬರಲಿಲ್ಲ. ಡೊಳ್ಳಿನವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಒಬ್ಬ ಮುದುಕಿ ಮಾತ್ರ ಆ ಅಂಗಿಯ ಒಂದು ಚೂರನ್ನು ತಲೆಯ ಕೆಳಗಿಟ್ಟುಕೊಂಡು ಕಣಜದ ಹಿಂದೆ ಮಲಗಿಬಿಟ್ಟಳು. ಇಲ್ಲಿ ನಾನು ಪ್ರತಿ ಸಲವೂ ಅಳುಮೋರೆ ಮಾಡಿ, ಮಲಗಿದರೆ ಮರೆತುಬಿಡುವುದಿಲ್ಲವೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದೆ. ಆಯಿ ನನ್ನ ಗಲ್ಲ ಹಿಂಡಿ, "ಮಲಗಿದಾಕಿ ಮರತಾಳ ಅಂತ ಯಾರು ಹೇಳಿದ್ರು ನಿನಗ? ನೀ ದಿನಾ ಮಲಗ್ತಿ. ಎದ್ದಮ್ಯಾಲ ನನ್ನ ಮಾರಿ ಗುರ್ತು ಹಿಡೀತೀಯಿಲ್ಲೋ?" ಅನ್ನುತ್ತಿದ್ದಳು.

ನನಗೆ ಇಪ್ಪತ್ತೆರಡಾದ ವರ್ಷ, ಸೂಜಿ ಹಾಕಿ ಎಂಟು ತಿಂಗಳು ಕಳೆಯುವಷ್ಟರಲ್ಲಿ ತೋಳುಗಳು ಸುಮ್ಮನಾಗತೊಡಗಿದವು. ಮೊದಲು ಮುದುಕರದು, ಆಮೇಲೆ ನಡುವಯಸ್ಸಿನವರದು. ಒಂದೊಂದು ಅಮಾವಾಸ್ಯೆಗೂ ನನ್ನ ಒದ್ದೆ ಅರಿವೆ ಕೆಂಪಾಗುತ್ತ ಹೋಯಿತು. ಬೇಸಿಗೆಯ ಹೊತ್ತಿಗೆ ನಲವತ್ತಮೂರು ಬಾಗಿಲು ಬೋಳಾಗಿದ್ದವು. ಅದರಲ್ಲಿ ನಮ್ಮದೂ ಒಂದು. ಚಿಗವ್ವನ ಬೀಸುಕಲ್ಲು ನಿಂತಿತ್ತು, ನನ್ನ ತಂಬಿಗೆಯೂ ನಿಂತಿತ್ತು. ಲೆಕ್ಕದಂತೆ ನಲವತ್ತನಾಲ್ಕು ಆಗಬೇಕಿತ್ತು. ಅಂದಾನಪ್ಪ ಕಾಕಾನ ತೋಳೂ ಯುಗಾದಿಯಿಂದ ಮೌನವಾಗಿತ್ತು. ಅವರು ಖಣಿಯ ಹಿರಿಯರು. ಕಟ್ಟಳೆ ನಡೆಸುವವರು ಅವರೇ, ಭಟ್ಟಿಗೆ ಟ್ರ್ಯಾಕ್ಟರ್ ಕಳಿಸುವವರೂ ಅವರೇ. ಅವತ್ತು ಅವರ ತೋಳಿಗೆ ಕಿವಿಯಿಟ್ಟಾಗ ಅವರು ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತಿದ್ದರು. ನಾನು ಹೆದರಿ, "ಐತ್ರಿ ಕಾಕಾ" ಅಂದು ಪಟ್ಟಿ ಎಳೆದು ಬಂದೆ. ಆಯಿಯ ಮೊಮ್ಮಗಳು ಹೇಳಿದ ಮೊದಲನೆಯ ಸುಳ್ಳು ಅದು. ಎಷ್ಟೋ ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದೆ.

ಚಿಗವ್ವ ನಮ್ಮ ಮನೆಯ ಮುಂಭಾಗದಲ್ಲೇ ಖಾನಾವಳಿ ನಡೆಸುತ್ತಾಳೆ. ಒಂದು ಸೋಮವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ನಮ್ಮ ಮನೆಯಲ್ಲಿ ಆ ಸಪ್ಪಳ ನಿಂತರೆ ಗಡಿಯಾರ ನಿಂತ ಹಾಗೆ. ಹೋಗಿ ನೋಡಿದರೆ ಹಂಚಿನ ಮುಂದೆ ಕುಳಿತೇ ನಡುಗುತ್ತಿದ್ದಳು.

"ಮೈಯಾಗ ಕಸುವಿಲ್ಲ ನೀಲಾ. ಗಂಟಲಾಗ ಮುಳ್ಳ ಇಟ್ಟಂಗ ಆಗೈತಿ. ಹಿಟ್ಟ ಮುಚ್ಚಿಡು, ಬೆಕ್ಕ ಬಾಯಿ ಹಾಕೀತು."

ಮರುದಿನ ಮಂಗಳವಾರ, ನರ್ಸಬಾಯಿ ಬರುವ ದಿನ. ಆಕೆ ಚಿಗವ್ವನ ಮೂಗಿನಲ್ಲಿ ಕಡ್ಡಿ ಆಡಿಸಿ, ಪಟ್ಟಿಯ ಮೇಲೆ ಹನಿ ಬಿಟ್ಟು, ಎರಡು ಗೆರೆ ಮೂಡುವುದನ್ನು ನಮಗೆ ತೋರಿಸಿದಳು. ಗಾಳಿಜ್ವರವೇ.

ಚಿಗವ್ವ ಗೋಡೆಗೆ ಒರಗಿ ಕುಳಿತಿದ್ದಳು. "ಸೂಜಿ ಚುಚ್ಚಿ ಒಂದು ವಾರ ಕೈ ಎತ್ತದಂಗ ಮಾಡಿದ್ದಿ. ಈಗ ಜ್ವರಾನೂ ಬಂತು. ಎರಡೂ ನನಗನ ಬರಬೇಕೇನು ಬಾಯಿ?"

"ಜ್ವರ ಬರೋದೇ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ ಬಾಳವ್ವ. ಬಂದ್ರೂ ನಿಮ್ಮನ್ನ ಕೆಡವಬಾರದು, ಅದಕ್ಕೆ ಸೂಜಿ."

"ತೋಳು ಸುಮ್ಮನಾಗಿ ಮೂರು ತಿಂಗಳಾತಲ್ರಿ. ಎಲ್ಲಾ ಮರತೈತಿ" ಅಂದೆ ನಾನು.

ನರ್ಸಬಾಯಿ ಕೈಚೀಲ ಬಿಚ್ಚುತ್ತ ನಿಂತಳು. "ನಿಮಗೆ ಕೇಳಿಸ್ತಿತ್ತಲ್ಲ, ಅದು ರಕ್ತದಲ್ಲಿ ತಿರುಗೋ ಕಾವಲು, ಆಂಟಿಬಾಡಿ ಅಂತೀವಿ. ಕೆಲಸ ಇಲ್ಲದಾಗ ಅದು ಕಡಿಮೆ ಆಗೋದು ಸಹಜ ಕಣಮ್ಮ. ಆದ್ರೆ ಅದನ್ನ ಮಾಡೋದು ಹೇಗೆ ಅಂತ ಕಲಿತ ಕಣಗಳು ಸಾಯಲ್ಲ. ಮೂಳೆ ಒಳಗೆ, ಗಂಟುಗಳಲ್ಲಿ ಉಳ್ಕೊಂಡಿರ್ತವೆ."

"ಗಂಟು ಅಂದ್ರ?"

"ಕಂಕುಳಲ್ಲಿ, ಕತ್ತಿನಲ್ಲಿ. ಸೂಜಿ ಹಾಕಿದ ಮೇಲೆ ನಿಂಗೆ ಕಂಕುಳು ಊದಿ ನೋವಾಗಿರಲಿಲ್ವಾ? ಅವು ಅಲ್ಲೇ ಪಾಠ ಕಲಿಯೋದು. ವೈರಸ್ಸು ಮತ್ತೆ ಬಂದ್ರೆ ಅಲ್ಲಿಂದಲೇ ಎದ್ದು ಬರ್ತವೆ. ಇನ್ನೊಂದು ಥರದವೂ ಇವೆ. ವೈರಸ್ಸು ಹೊಕ್ಕಿರೋ ಕಣವನ್ನ ಹುಡುಕಿ ಹೊಡೆಯೋವು. ಅದಕ್ಕೇ ಈ ಮೈಕೈ ನೋವು ನಿಮ್ಮ ಚಿಗವ್ವಂಗೆ. ಮೊದಲ ಸಲ ಕಲಿಯೋಕೆ ಹತ್ತು ಹನ್ನೆರಡು ದಿನ ಬೇಕು. ನೆನಪಿಸ್ಕೊಳ್ಳೋಕೆ ಅಷ್ಟು ಬೇಡ, ಮೂರು ನಾಲ್ಕು ದಿನ ಸಾಕು." ಆಕೆ ಮಾತ್ರೆ ಕೊಟ್ಟು, ಉಸಿರು ಸಿಕ್ಕಿಕೊಂಡರೆ ಕೂಡಲೇ ಫೋನ್ ಮಾಡಲು ಹೇಳಿ, ಯಾರನ್ನೂ ಒಳಗೆ ಬಿಡಬೇಡ, ನೀನೂ ಹೊರಗೆ ಹೋಗಬೇಡ ಎಂದು ಎರಡೆರಡು ಸಲ ಹೇಳಿ ಬಸ್ಸಿಗೆ ಹೋದಳು.

ಕಣಜದ ಹಿಂದೆ ಮಲಗಿದ ಮುದುಕಿ. ಆಯಿ ಹೇಳಿದ್ದು ಇವಳನ್ನೇ. ಇಷ್ಟು ವರ್ಷ ನಮ್ಮ ಊರು ಡೊಳ್ಳಿನವರು ತಿರುಗಾಡುವ ಬೀದಿಗಷ್ಟೇ ಕಿವಿಗೊಟ್ಟಿತ್ತು. ಸೂಜಿ ಚುಚ್ಚಿದ್ದು ಎಲ್ಲೋ ಅಲ್ಲೇ ಕಿವಿ ಇಡಬೇಕೆಂದು ಒಬ್ಬರ ಹಿಂದೊಬ್ಬರು ಕಲಿತುಕೊಂಡಿದ್ದೆವು. ಇನ್ನು ಕಂಕುಳಿಗೆ ಯಾರು ಕಿವಿ ಇಡುತ್ತಾರೆ?

ನಾನು ಇಟ್ಟೆ. "ಏ, ಏನ್ ಮಾಡಾಕತ್ತಿ? ಕಚಗುಳಿ. ಎರಡು ದಿನದಿಂದ ಜಳಕ ಇಲ್ಲ ನಂದು" ಎಂದು ಚಿಗವ್ವ ತಳ್ಳಿದಳು. ನಾನು ಬಿಡಲಿಲ್ಲ. ಮೊದಲು ಅವಳ ಎದೆಬಡಿತ, ಆಮೇಲೆ ಜ್ವರದ ಬಿಸಿ, ಅದರ ಹಿಂದೆ ಬಹಳ ದೂರದಲ್ಲಿ ಒಂದು ಸಣ್ಣ ಸದ್ದು. ಅದು ಗುನುಗಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಗಾಢವಾಗಿ ಮಲಗಿದಾಗ ಗೋಡೆಯ ಮೂಲಕ ತಿಳಿಯುವ ಉಸಿರು. ಹೋಗುತ್ತದೆ, ನಿಲ್ಲುತ್ತದೆ, ಬರುತ್ತದೆ.

ಅಷ್ಟರಲ್ಲಿ ಬೀದಿಯಿಂದ ಕೂಗು ಬಂತು. ಅಂದಾನಪ್ಪ ಕಾಕಾ ಮೂಗಿಗೆ ಟವೆಲು ಕಟ್ಟಿಕೊಂಡು, ನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದರು. ಅವರ ಹಿಂದೆ ಬೀದಿಯ ಉದ್ದಕ್ಕೂ ಬೋಳು ಬಾಗಿಲುಗಳಲ್ಲಿ ಜನ. ಕೆಲವರು ಆಗಲೇ ಗಂಟು ಕಟ್ಟಿ ಕಟ್ಟೆಯ ಮೇಲಿಟ್ಟಿದ್ದರು.

"ಬಾಳವ್ವನ ಬಾಗಲಿಗೆ ಪಟ್ಟಿ ಇಲ್ಲಲ್ಲ ನೀಲವ್ವ" ಅಂದರು.

"ಇಲ್ರಿ ಕಾಕಾ."

"ಜ್ವರ ಬಂದೈತಿ."

"ಬಂದೈತ್ರಿ."

"ಮತ್ತ ಕಟ್ಟಳಿ ನಿನಗ ನಾ ಹೇಳಿಕೊಡಬೇಕೇನು? ಸಂಜಿಗೆ ಟ್ರ್ಯಾಕ್ಟರ್ ಬರ್ತೈತಿ. ಮೊದಲ ನಿಮ್ಮ ಮನಿ. ನಾಳೆ ಉಳದ ನಲವತ್ತೆರಡು ಮನಿ."

ಒಳಗಿಂದ ಚಿಗವ್ವನ ದನಿ ಬಂತು, ಕೆಮ್ಮಿನ ನಡುವೆ. "ಹೋಗ್ತೀನಿ ಬಿಡು ಅಣ್ಣ. ಹಂಚು ನಂಜೋಡಿ ಒಯ್ತೀನಿ. ಹನ್ನೊಂದು ವರ್ಷ ನನ್ನ ಕೈಯಾನ ರೊಟ್ಟಿ ತಿಂದಿ, ನಾಳೆಯಿಂದ ಫರಸಿ ಕಡಿ. ಹಲ್ಲು ಗಟ್ಟಿ ಅದಾವಲ್ಲ."

ಯಾರೋ ನಕ್ಕರು. ಕಾಕಾ ನಗಲಿಲ್ಲ. ನಾನು ಹೊಸ್ತಿಲ ಮೇಲೆ ಬಂದು ನಿಂತೆ. ಹದಿನೈದು ವರ್ಷದ ಹಿಂದೆ ಇದೇ ಹೊಸ್ತಿಲಿನಿಂದ ಅವ್ವ ಒಂದು ಕೊಡ ನೀರು ಹೊತ್ತು ಹೋದದ್ದು ನನಗೆ ನೆನಪಿದೆ.

"ನಾವು ಭಟ್ಟಿಗೆ ಹೋಗೂದಿಲ್ಲ ಕಾಕಾ. ಯಾರೂ ಹೋಗೂದಿಲ್ಲ. ನಮ್ಮ ಬಾಗಲಾ ನಾವ ಹಾಕ್ಕೊಂಡು ಒಳಗ ಇರ್ತೀವಿ. ಖಾನಾವಳಿ ಬಂದ್. ಜ್ವರ ನಮ್ಮ ಹೊಸ್ತಲಾ ದಾಟಂಗಿಲ್ಲ. ಚಿಗವ್ವನ ಮೈ ಮರತಿಲ್ಲ, ಮಲಗೈತಿ. ನಾ ಕೇಳೀನಿ."

"ತೋಳು ಸುಮ್ಮ ಐತಿ ಅಂತ ನೀನ ಒರಸಿದಿ. ಈಗ ಎಲ್ಲಿ ಕೇಳಿದಿ?"

"ಕಂಕಳದಾಗ."

ಈ ಸಲ ಇಡೀ ಬೀದಿ ನಕ್ಕಿತು. ನಗು ನಿಲ್ಲುವವರೆಗೆ ಕಾದೆ. "ಕಾಕಾ, ನೀವು ಫರಸಿ ಎಬ್ಬಿಸಿದ ಮ್ಯಾಲ ಎಲ್ಲಿ ಬಡದ ನೋಡ್ತೀರಿ? ತುದಿಗೋ, ನಡುವೋ?"

"ನಡುವ. ತುದಿಗೆ ಬಡದ್ರ ಗಟ್ಟಿ ಕಲ್ಲೂ ಸಪ್ಪಳ ಮಾಡೂದಿಲ್ಲ."

"ನಾವು ಇಷ್ಟು ವರ್ಷ ತುದಿಗೆ ಬಡದೀವಿ."

ಕಲ್ಲಿನ ಮಾತು ಅವರಿಗೆ ನಾಟಿತ್ತು. ಆದರೆ ಬಿಡುವವರಲ್ಲ. "ನಾಳೆ ಗುನುಗಿದ್ರೂ ಜ್ವರಾನ ಕಲಿಸಿರಬೇಕು. ಸೂಜಿ ನೆನಪು ಅಂತ ಹೆಂಗ ತಿಳೀಬೇಕು?"

"ದಿನದ ಮ್ಯಾಲ ತಿಳೀತೈತ್ರಿ. ಹೊಸದಾಗಿ ಕಲಿಯಾಕ ಹನ್ನೆರಡು ದಿನ ಬೇಕು. ನನ್ನವ್ವಗ ಅಷ್ಟ ಆಗಿತ್ತು, ನಿಮಗೂ ನೆನಪೈತಿ. ಶುಕ್ರವಾರ ಹೊತ್ತು ಮುಳುಗೂದರೊಳಗ ಚಿಗವ್ವ ಗುನುಗಿದ್ರ ಅದು ನೆನಪು. ಗುನುಗದಿದ್ರ ನಾನ ಟ್ರ್ಯಾಕ್ಟರ್ ಏರ್ತೀನಿ, ನಲವತ್ತಮೂರು ಮನಿಯವರನೂ ಏರಸ್ತೀನಿ. ಅಲ್ಲೀತನಕ ಗಂಟು ಬಿಚ್ಚಿ ಇಡ್ರಿ ಎಲ್ಲಾರೂ."

ನನ್ನವ್ವನ ಹೆಸರು ಎತ್ತಿದ್ದಕ್ಕೋ ಏನೋ, ಕಾಕಾ ತಲೆ ತಗ್ಗಿಸಿದರು. "ಶುಕ್ರವಾರ. ಹೊತ್ತು ಮುಳುಗೂದರೊಳಗ" ಅಂದು ಹೊರಟರು.

ಬುಧವಾರ ಚಿಗವ್ವನ ಜ್ವರ ಏರಿತು. ಮೈಮೇಲೆ ಯಾರೋ ಸುತ್ತಿಗೆ ಆಡಿಸಿದ ಹಾಗೆ ನರಳಿದಳು. ಗಂಜಿ ಬೇಡ ಅಂದಳು, ಬೈಯುವುದನ್ನೂ ಬಿಟ್ಟಳು, ನನಗೆ ಹೆದರಿಕೆಯಾದದ್ದು ಅದಕ್ಕೇ. ನಾನು ಗಂಟೆಗೊಮ್ಮೆ ನೀರು ಕುಡಿಸಿದೆ. ಬಾಯಿ ಒಣಗಲು ಬಿಡಬಾರದು ಎಂದು ಹಟ ಹಿಡಿದು ಚಮಚ ಚಮಚ ಹಾಕಿದೆ. ಈ ಮನೆಯ ಕೊಡ ಖಾಲಿಯಾಗಬಾರದು. ಕಂಕುಳಿನ ಗಂಟು ಕಡಲೆಕಾಳಿನಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಗಿತ್ತು. ಉಸಿರು ಕೇಳಿಸುತ್ತಲೇ ಇತ್ತು. ಎದುರುಮನೆಯವರು ಕಟ್ಟೆಯ ಮೇಲೆ ಹಾಲಿಟ್ಟು ದೂರ ಸರಿದು ನಿಂತು, "ಏನಂತೈತಿ ಮುದುಕಿ?" ಎಂದು ಕೇಳುತ್ತಿದ್ದರು. ಮಲಗಿದ ಮುದುಕಿಯ ಕತೆ ಆಗಲೇ ಬೀದಿಗೆ ಹಬ್ಬಿತ್ತು.

ಗುರುವಾರ ಬೆಳಿಗ್ಗೆ ಕಿವಿಯಿಟ್ಟರೆ ಏನೂ ಇಲ್ಲ. ಉಸಿರೂ ಇಲ್ಲ. ಎದೆಬಡಿತ, ಜ್ವರ, ಅದರಾಚೆ ಬರಿದು. ಈ ಕಡೆ ಇಟ್ಟೆ, ಆ ಕಡೆ ಇಟ್ಟೆ. ಬೀದಿಯಲ್ಲಿ ನನ್ನ ಮಾತು ನಂಬಿ ಗಂಟು ಬಿಚ್ಚಿದ ನಲವತ್ತೆರಡು ಮನೆ. ಆಯಿ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳು. ನಾನು ಅವಳ ಮುಂದೆ ಕುಳಿತು, ಎರಡು ಕೈ ಕೆನ್ನೆಗೆ ಹಚ್ಚಿ ಮಲಗಿದ ಸನ್ನೆ ಮಾಡಿ, ಆಮೇಲೆ ಅಂಗೈ ಬಿಚ್ಚಿ ಇಲ್ಲ ಎಂದು ತೋರಿಸಿದೆ.

ಆಯಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಎದ್ದಾಳ" ಅಂದಳು. "ಎದ್ದಾಕಿ ಗೊರಕಿ ಹೊಡೀತಾಳೇನು? ಸೀರಿ ಉಟ್ಕೊಂಡು, ತಲಿ ಬಾಚ್ಕೊಂಡು, ನಾಕ ಮಂದೀನ ಕರಕೊಂಡು ಹೊರಗ ಬರಾಕ ಹೊತ್ತು ಬೇಕಿಲ್ಲೋ? ನೀರ ಕಾಯಸು ಹೋಗು."

ನಾನು ನೀರು ಕಾಯಿಸಿದೆ. ಅವತ್ತು ಇಡೀ ದಿನ ಮತ್ತೆ ಕಿವಿ ಇಡಲಿಲ್ಲ. ಇಡುವ ಧೈರ್ಯವಿರಲಿಲ್ಲ ಅನ್ನುವುದೇ ಸರಿ. ಸಂಜೆ ಚಿಗವ್ವ ಬೆವರಿದಳು. ಕೌದಿ ಒದ್ದೆಯಾಗುವಷ್ಟು ಬೆವರು. ಆಮೇಲೆ ಕಣ್ಣು ಬಿಟ್ಟು, "ಗಂಜೀಗೆ ಉಪ್ಪ ಹಾಕಿಲ್ಲಲ್ಲ ನೀನು, ನಿನ್ನಿದರಾಗ" ಅಂದಳು. ನಾನು ಮುಖ ತಿರುಗಿಸಿ ಅತ್ತೆ.

ಶುಕ್ರವಾರ ಮಧ್ಯಾಹ್ನದವರೆಗೂ ತೋಳು ಸುಮ್ಮನೇ ಇತ್ತು. ಜ್ವರ ಇಳಿದಿತ್ತು, ಆದರೆ ಕಟ್ಟಳೆಗೆ ಬೇಕಾದದ್ದು ದನಿ. ಹೊತ್ತು ಪಡುವಣಕ್ಕೆ ವಾಲುವಾಗ ಟ್ರ್ಯಾಕ್ಟರಿನ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿಸಿತು. ಕಾಕಾ ಹಿಂದಿನ ಜಾಗದಲ್ಲೇ ನಿಂತರು. ಜನ ಅವರವರ ಬಾಗಿಲಲ್ಲಿ ನಿಂತರು. ನಾನು ಚಿಗವ್ವನನ್ನು ಬಾಗಿಲಿಗೆ ಎದುರಾಗಿ ಒಳಗೆ ಕೂರಿಸಿ ತೋಳಿಗೆ ಕಿವಿಯಿಟ್ಟೆ. ಮೌನ. ಕಂಕುಳಿಗೆ ಇಡಬೇಕೆಂದು ಬಗ್ಗಿದವಳನ್ನು ಆಯಿ ತೋಳು ಹಿಡಿದು ಬದಿಗೆ ಸರಿಸಿದಳು. ತಾನೇ ಮೊಣಕಾಲೂರಿ ಕುಳಿತು, ಮಗಳ ಕೈ ಎತ್ತಿ, ಕಿವಿಯನ್ನಲ್ಲ, ಕೆನ್ನೆಯ ಎಲುಬನ್ನು ಕಂಕುಳಿಗೆ ಒತ್ತಿ ಕಣ್ಣು ಮುಚ್ಚಿದಳು.

"ಕಿವುಡಿ ಏನ್ ಕೇಳ್ತಾಳ?" ಎಂದರು ಬೀದಿಯಲ್ಲಿ ಯಾರೋ.

ಆಯಿಯ ಬೆರಳು ಚಿಗವ್ವನ ಮೊಣಕಾಲಿನ ಮೇಲೆ ಅಲುಗತೊಡಗಿತು. ಒಂದು, ಎರಡು, ಒಂದು ತಡೆ. ಒಂದು, ಎರಡು, ಒಂದು ತಡೆ. ಅದು ಬೀಸುಕಲ್ಲಿನ ಲೆಕ್ಕ. ಹದಿನೈದು ವರ್ಷ ಯಾವ ದನಿಯನ್ನೂ ಒಳಗೆ ಬಿಡದಿದ್ದ ಅವಳ ಮುಖ ಸೂಜಿಯ ಕಣ್ಣಿಗೆ ದಾರ ಪೋಣಿಸುವವಳ ಹಾಗೆ ಬಿಗಿಯಾಗಿತ್ತು. "ತಂಬಗಿ ತಾ" ಅಂದಳು ಕಣ್ಣು ಬಿಡದೆ. "ಬಾಯಿತನಕ ನೀರ ತುಂಬು. ಅಂದಾನಪ್ಪಗ ಕಾಣಸಬೇಕಲ್ಲ."

ತುಂಬಿದ ತಂಬಿಗೆಯನ್ನು ಚಿಗವ್ವನ ಕಂಕುಳಿಗೆ ಆನಿಸಿ ಹಿಡಿದೆ. ಬಾಗಿಲಿನಿಂದ ಬರುತ್ತಿದ್ದ ಇಳಿಬಿಸಿಲು ನೀರಿಗೆ ಬಿದ್ದು, ಎದುರಿನ ಫರಸಿ ಗೋಡೆಯ ಮೇಲೆ ರೊಟ್ಟಿಯಗಲದ ಬೆಳಕಾಗಿ ನಿಂತಿತು. ಬೀದಿಯವರಿಗೆಲ್ಲ ಕಾಣುವಷ್ಟು. ಮೊದಲು ಅದು ಸ್ತಬ್ಧವಾಗಿತ್ತು. ಆಮೇಲೆ ಅದರ ಅಂಚು ನಡುಗಿತು. ನಡುವೆ ಒಂದು ಉಂಗುರ ಎದ್ದಿತು, ಅದರ ಹಿಂದೆ ಇನ್ನೊಂದು, ತಡೆದು ಮತ್ತೊಂದು. ನನ್ನ ಕೈ ನಡುಗಿ ಹಾಗಾಗುತ್ತಿದೆ ಎಂದುಕೊಂಡಾರು ಎಂದು ನಾನು ತಂಬಿಗೆಯ ಬದಿಯಿಂದ ಕೈ ತೆಗೆದೆ. ಚಿಗವ್ವ ತಾನೇ ತೋಳು ಬಿಗಿದು ಹಿಡಿದಳು. ಉಂಗುರ ನಿಲ್ಲಲಿಲ್ಲ. ಹೊತ್ತು ಇನ್ನೂ ಎರಡಾಳೆತ್ತರ ಮೇಲಿರುವಾಗ ಸದ್ದು ಕಂಕುಳಿನಿಂದ ತೋಳಿಗೆ ಇಳಿಯಿತು. ಆಗ ಹತ್ತು ಹೆಜ್ಜೆ ಆಚೆಗೂ ಕೇಳಿಸಿತು. ಅದೇ ಬೀಸುಕಲ್ಲು. ಸೂಜಿ ಹಾಕಿದ ಹೊಸತರಲ್ಲಿದ್ದುದಕ್ಕಿಂತ ದಪ್ಪ, ಕಾಳು ತುಂಬ ಸುರಿದು ಬೀಸಿದ ಹಾಗೆ.

"ನಾಕ ದಿನದಾಗ" ಅಂದಳು ಚಿಗವ್ವ ಬಾಗಿಲಿನತ್ತ. "ಎಣಿಸಾಕ ಬರ್ತೈತಲ್ಲ ಅಣ್ಣ?"

ಕಾಕಾ ಗೋಡೆಯ ಮೇಲಿನ ಬೆಳಕನ್ನು ನೋಡುತ್ತ ನಿಂತಿದ್ದರು. ಆಮೇಲೆ ಟ್ರ್ಯಾಕ್ಟರಿನವನಿಗೆ ಕೈಯಾಡಿಸಿದರು. ಅದು ಹಿಂದೆ ಹಿಂದೆ ಸರಿದು ತಿರುಗಿ ಹೋಯಿತು.

ಹತ್ತು ದಿನ ನಾವು ಮೂವರೂ ಹೊಸ್ತಿಲು ದಾಟಲಿಲ್ಲ. ಆಯಿಗೆ ಎರಡು ದಿನ ಮೂಗು ಸೋರಿತು. ನನಗೆ ಒಂದು ಇರುಳು ಚಳಿ ಬಂದು ಹೋಯಿತು, ತಂಬಿಗೆಯ ದನಿ ಮತ್ತೆ ಎದ್ದಿತು. ನರ್ಸಬಾಯಿ ಬಂದು ಗೆರೆ ಒಂದೇ ಎಂದು ನೋಡಿ ಬಿಟ್ಟ ಮೇಲೆ ನಾನು ಹೊರಟೆ. ಅಮಾವಾಸ್ಯೆಗೆ ಕಾಯಲಿಲ್ಲ. ಕೆಮ್ಮಣ್ಣಿನ ಬುಟ್ಟಿಯನ್ನೂ ಒಯ್ಯಲಿಲ್ಲ. ಮನೆಮನೆಗೆ ಹೋಗಿ, ನಾಚಿದವರನ್ನು ಗದರಿ, ನಕ್ಕವರ ಜೊತೆ ನಕ್ಕು, ಉಳಿದ ನಲವತ್ತೆರಡು ಮನೆಗಳಲ್ಲಿ ಕಂಕುಳಿಗೆ ಕಿವಿಯಿಟ್ಟೆ. ಕೆಲವರಲ್ಲಿ ಗಾಢ ಉಸಿರು, ಕೆಲವರಲ್ಲಿ ಎಳೆಯಷ್ಟು. ರಾಚಪ್ಪ ಮಾಸ್ತರರ ಕಂಕುಳಲ್ಲಿ ಮಾತ್ರ ಎಷ್ಟು ಹೊತ್ತು ಕಾದರೂ ಯಾರೂ ಮಲಗಿರಲಿಲ್ಲ. ಅವರಿಗೆ ಬೇರೆಯವರ ಮೂತ್ರಪಿಂಡ ಹಾಕಿದೆ, ಅದು ಒಗ್ಗಲೆಂದು ತೆಗೆದುಕೊಳ್ಳುವ ಔಷಧಿ ಕಾವಲಿನವರನ್ನು ಕಲಿಯಲು ಬಿಡುವುದಿಲ್ಲ ಅಂದಳು ನರ್ಸಬಾಯಿ. ಇದ್ದದ್ದನ್ನು ಇದ್ದ ಹಾಗೆ ಅವರಿಗೆ ಹೇಳಿದೆ. ಅವರಿಗೆ ಇನ್ನೊಂದು ಸೂಜಿ ಬೇಕು, ಅವರ ಮನೆಗೆ ಹೋಗಿಬರುವವರೆಲ್ಲರಿಗೂ ಬೇಕು, ಕೆಮ್ಮುತ್ತ ಯಾರೂ ಅವರ ಕಟ್ಟೆ ಏರಬಾರದು. ಅವರ ಓಣಿಯವರು ಆಗಲೇ ಪಾಳಿ ಹಾಕಿಕೊಂಡು ಸಾಮಾನು ತಂದುಕೊಡತೊಡಗಿದ್ದಾರೆ. ಭಟ್ಟಿಗೆ ಅಲ್ಲ, ಅವರ ಮನೆಗೆ.

ಕೊನೆಗೆ ಪಟ್ಟಿ ಇರುವ ಒಂದು ಬಾಗಿಲಿಗೆ ಹೋದೆ. ಅಂದಾನಪ್ಪ ಕಾಕಾ ಒಬ್ಬರೇ ಕುಳಿತಿದ್ದರು. ಹೆಂಡತಿ ಭಟ್ಟಿಯ ಮೊದಲ ವರ್ಷವೇ ತೀರಿಕೊಂಡವಳು, ಮಕ್ಕಳಿಲ್ಲ. ನಾನು ನೀರು ಕೇಳಿದೆ. ತಂಬಿಗೆ ತಂದು ಎದುರಿಗಿಟ್ಟರು. ನಾನು ಕುಡಿಯಲಿಲ್ಲ.

"ಯುಗಾದಿ ಹೊತ್ತಿನಾಗ ನಾ ನಿಮಗ ಸುಳ್ಳ ಹೇಳಿದ್ದೆ ಕಾಕಾ. ನಿಮ್ಮ ತೋಳು ಸುಮ್ಮ ಆಗಿತ್ತು."

"ಗೊತ್ತಿತ್ತವ್ವ" ಅಂದರು. ಎಷ್ಟು ಮೆಲ್ಲಗೆ ಅಂದರೆ ನಾನು ಮುಂದೆ ಬಾಗಬೇಕಾಯಿತು. "ಕಲ್ಲ ಬಡದ ಕಿವಿ ಇವು. ನನ್ನ ತೋಳು ನಿಂತದ್ದು ನನಗ ಕೇಳಲಾರದೇನು? ನೀ ಐತಿ ಅಂದಿ. ನಾ ಸುಮ್ಮ ಕುಂತೆ. ಅವತ್ತಿಂದ ಒಂದು ದಿನ ಸರಿಯಾಗಿ ನಿದ್ದಿ ಮಾಡಿಲ್ಲ. ಭಟ್ಟಿ ಹೆಂಗಿರ್ತೈತಿ ಅಂತ ನಾ ನೋಡೀನಿ."

ಅವರು ಅಂಗಿಯ ಗುಂಡಿ ಬಿಚ್ಚಿ ತೋಳು ಎತ್ತಿದರು. ತನ್ನ ಕಂಕುಳಿಗೆ ತಾನೇ ಕಿವಿ ಇಡಲು ಯಾರಿಗೂ ಆಗುವುದಿಲ್ಲ. ಮಲಗಿದ ಉಸಿರಿಗೆ ನೀರೂ ಅಲುಗುವುದಿಲ್ಲ. ಒಮ್ಮೆ ಸುಳ್ಳು ಹೇಳಿದವಳ ಮಾತನ್ನೇ ಅವರು ನಂಬಬೇಕಿತ್ತು. ನಾನು ಕಣ್ಣು ಮುಚ್ಚಿ ಕಿವಿಯಿಟ್ಟೆ. ಮುದಿ ಎದೆಯ ಬಡಿತ, ಕಲ್ಲುಪುಡಿ ತುಂಬಿದ ಶ್ವಾಸದ ಕರಕರ. ಇವತ್ತು ಏನು ಕೇಳಿಸಿದರೂ ಅದನ್ನೇ ಹೇಳುವೆ ಎಂದು ಆಯಿಯ ಮೇಲೆ ಆಣೆ ಇಟ್ಟುಕೊಂಡೇ ಬಂದಿದ್ದೆ. ಹೊರಗೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗಿ ಮುಗಿಯಿತು. ನಾನು ಇನ್ನೂ ಕಾದೆ. ಬಹಳ ಹೊತ್ತಿನ ಮೇಲೆ, ಕರಕರದ ಹಿಂದೆ, ಒಂದು ಉಸಿರು ಹೋಯಿತು. ನಿಂತಿತು. ಬಂತು.

"ಮಲಗ್ಯಾಳ ಕಾಕಾ" ಅಂದೆ.

"ಖರೇನ?"

"ಖರೇ."

ಅವರು ನನ್ನ ಮುಖವನ್ನು, ಕಲ್ಲು ನೋಡುವ ಹಾಗೆ, ತುದಿಯಿಂದ ನಡುವಿನವರೆಗೆ ನೋಡಿದರು. ಆಮೇಲೆ ಗುಂಡಿ ಹಾಕಿಕೊಂಡು ಎದ್ದು, ನಾನು ಕುಡಿಯದೆ ಬಿಟ್ಟ ತಂಬಿಗೆಯನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಚೌಕಟ್ಟಿನ ಮೇಲಿನ ಕೆಂಪು ಪಟ್ಟಿಗೆ ನೀರು ಸುರಿದು ಬರಿಗೈಯಿಂದ ತಿಕ್ಕಿದರು. ಕೆಮ್ಮಣ್ಣು ಮೊಣಕೈವರೆಗೆ ಹರಿಯಿತು. ಬೀದಿಯವರು ನೋಡುತ್ತಿದ್ದರು. ಕಾಕಾ ಪಕ್ಕದ ಮನೆಯ ಪಟ್ಟಿಯತ್ತ ಕೈ ಮಾಡಿ, "ಇನ್ನೊಂದ ತಂಬಗಿ ನೀರ ತಾ ಯವ್ವಾ" ಅಂದರು. ನಾನು ತರಲು ಒಳಗೆ ಹೋದೆ.